ಶಿಬಿರ ಸಾಲದು, ಸರದಿ ಬೇಕು: ಸ್ತನ ಕ್ಯಾನ್ಸರ್ ತಪಾಸಣೆ ಕುರಿತು ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಗೌರವಪೂರ್ವಕ ವಂದನೆಗಳು.

ಎದೆಯ ಗಂಟನ್ನು ಮುಟ್ಟಿ ನೋಡುವುದು, ಅದರ ಚಿತ್ರ ತೆಗೆಯುವುದು, ಸೂಜಿ ಹಾಕುವುದು, ಬಂದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಓದುವುದು, ಆಪರೇಷನ್ ಆದವರನ್ನು ನೋಡಿಕೊಳ್ಳುವುದು ನಮ್ಮ ದಿನನಿತ್ಯದ ಕೆಲಸ. ಈ ಕೆಲಸದಲ್ಲಿರುವ ಕೆಲವರು ಸೇರಿ ತಮಗೆ ಬರೆಯುತ್ತಿದ್ದೇವೆ. ಕೇಳಿಕೊಳ್ಳುವುದು ಇಷ್ಟು: ರಾಜ್ಯದ ಪ್ರತಿ ಉಪಕೇಂದ್ರದ ವ್ಯಾಪ್ತಿಯಲ್ಲಿ 40 ದಾಟಿದ ಪ್ರತಿ ಹೆಣ್ಣುಮಗಳಿಗೂ ಎರಡು ವರ್ಷಕ್ಕೊಮ್ಮೆ, ಹೆಸರು ಹಿಡಿದು, ಎದೆ ಪರೀಕ್ಷೆಯ ಸರದಿ ಬರಲಿ. ಆ ಪರೀಕ್ಷೆಯಲ್ಲಿ ಗಂಟು ಸಿಕ್ಕರೆ, ಅದು ಏನೆಂಬ ಖಚಿತ ಉತ್ತರ 60 ದಿನದೊಳಗೆ ಅವರ ಕೈಗೆ ಸಿಗಲಿ.

ಇದನ್ನು ಯಾಕಿಷ್ಟು ಒತ್ತಿ ಕೇಳುತ್ತೇವೆ ಎಂಬುದಕ್ಕೆ ನಮ್ಮ ದೇಶದ್ದೇ ಅಂಕಿಗಳಿವೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಬದುಕುಳಿವಿನ ಲೆಕ್ಕ ಇನ್ನೂ ಸ್ಪಷ್ಟ. ಕಾಯಿಲೆ ಸ್ತನದೊಳಗೇ ಇದ್ದಾಗ ಸಿಕ್ಕವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 81. ಕಂಕುಳಿಗೋ ಸುತ್ತಲಿಗೋ ಹಬ್ಬಿದ ಮೇಲೆ ಸಿಕ್ಕವರಲ್ಲಿ ನೂರಕ್ಕೆ ಸುಮಾರು 65. ಮೂಳೆ, ಶ್ವಾಸಕೋಶ, ಪಿತ್ತಜನಕಾಂಗ ಸೇರಿದ ಮೇಲೆ ಬಂದವರಲ್ಲಿ ಬರೀ 18. ಕಾಯಿಲೆ ಅದೇ, ವೈದ್ಯರು ಅವರೇ. ಆಸ್ಪತ್ರೆಗೆ ಬಂದ ಹೊತ್ತು ಮಾತ್ರ ಬೇರೆ. ನಮ್ಮಲ್ಲಿ ಹೆಚ್ಚಿನವರು ಎರಡನೆಯ, ಮೂರನೆಯ ಗುಂಪಿನಲ್ಲಿ ಬರುತ್ತಾರೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಮಕ್ಕಳು ಇನ್ನೂ ಓದುತ್ತಿರುವ, ಮನೆಯ ಭಾರವೆಲ್ಲ ಹೆಗಲ ಮೇಲಿರುವ ವಯಸ್ಸು ಅದು.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರನ್ನು ಕೇಳಲಾಯಿತು: ನಿಮ್ಮ ಎದೆಯನ್ನು ಎಂದಾದರೂ ಯಾರಾದರೂ ಕ್ಯಾನ್ಸರ್‌ಗಾಗಿ ಪರೀಕ್ಷಿಸಿದ್ದಾರೆಯೇ? ದೇಶದಲ್ಲಿ ಹೌದು ಎಂದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಪ್ರತಿ ವರ್ಷ ಅಕ್ಟೋಬರ್ ಬಂದರೆ ಜಾಥಾ ನಡೆಯುತ್ತದೆ, ಗುಲಾಬಿ ದೀಪ ಬೆಳಗುತ್ತದೆ, ಒಂದು ದಿನದ ಶಿಬಿರ ನಡೆಯುತ್ತದೆ. ನವೆಂಬರ್ ಒಂದನೇ ತಾರೀಕಿಗೆ ಆ ಶಿಬಿರದಲ್ಲಿ ಹೆಸರು ಬರೆಸಿದವರ ಪಟ್ಟಿ ಎಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಒಮ್ಮೆ ನೋಡಿ ಬಿಟ್ಟರೆ ಯಾಕೆ ಸಾಲದು ಎಂಬುದನ್ನು ಕೇರಳದ ಒಂದು ಅಧ್ಯಯನ ತೋರಿಸಿಕೊಟ್ಟಿದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು ಮೊದಲ ಸುತ್ತಿನಲ್ಲಿ 50,366 ಮಹಿಳೆಯರ ಎದೆ ಪರೀಕ್ಷೆ ಮಾಡಿದರು. ಅನುಮಾನ ಬಂದು ಮುಂದೆ ಕಳಿಸಿದ್ದು 2,880 ಮಂದಿಯನ್ನು. ಅವರಲ್ಲಿ ಕ್ಯಾನ್ಸರ್ ಎಂದು ಖಚಿತವಾದದ್ದು 30 ಮಂದಿಗೆ. ಇದರಲ್ಲಿ ಎರಡು ಪಾಠಗಳಿವೆ. ಒಂದು, ಮುಂದೆ ಕಳಿಸಿದ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್. ಉಳಿದವರದು ಹೆಚ್ಚಾಗಿ ಹಾಲಿನ ನಾಳದ ಊತ, ನೀರುಗಂಟು, ಫೈಬ್ರೊಅಡಿನೋಮಾ, ಹೀಗೆ ಜೀವಕ್ಕೆ ಅಪಾಯವಿಲ್ಲದ್ದು. ಇದನ್ನು ಮೊದಲೇ ತಿಳಿಸಿ ಹೇಳಿದರೆ ಹೆದರಿ ಮನೆಯಲ್ಲೇ ಕೂರುವವರು ಕಡಿಮೆಯಾಗುತ್ತಾರೆ. ಇನ್ನೊಂದು, ಆ ಹೊತ್ತಿಗೆ ಇದ್ದ ಕ್ಯಾನ್ಸರ್‌ಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಾತ್ರ ಕೈಗೆ ಸಿಕ್ಕಿದ್ದವು. ಉಳಿದರ್ಧ ಆಗ ತೀರಾ ಸಣ್ಣದಾಗಿದ್ದಿರಬಹುದು, ಇಲ್ಲವೇ ಆಳದಲ್ಲಿದ್ದಿರಬಹುದು. ಅವು ಸಿಗಬೇಕಾದರೆ ಅದೇ ಕೈ ಮುಂದಿನ ಸುತ್ತಿಗೆ ಮತ್ತೆ ಬರಬೇಕು. ತಪಾಸಣೆಯ ಬಲವಿರುವುದು ಹೀಗೆ ಮರಳಿ ಬರುವುದರಲ್ಲಿ.

ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಇಪ್ಪತ್ತು ವರ್ಷ ನಡೆಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. ಸುಮಾರು ಒಂದೂವರೆ ಲಕ್ಷ ಮಹಿಳೆಯರು, ವಯಸ್ಸು 35ರಿಂದ 64. ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಎದೆ ಪರೀಕ್ಷೆ. ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಬಳಸಲಿಲ್ಲ. ಪರೀಕ್ಷೆ ಮಾಡಿಸಿಕೊಳ್ಳದ ಗುಂಪಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 47 ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಸಿಕ್ಕವು. ಪರೀಕ್ಷೆಯಾದ ಗುಂಪಿನಲ್ಲಿ ಅದು 37ಕ್ಕೆ ಇಳಿಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ ಸಾವು ನೂರಕ್ಕೆ 15ರಷ್ಟು ತಗ್ಗಿತ್ತಾದರೂ ಅದು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತ ಎನ್ನುವ ಮಟ್ಟ ಮುಟ್ಟಲಿಲ್ಲ. 50 ದಾಟಿದವರನ್ನು ಬೇರೆಯಾಗಿ ನೋಡಿದಾಗ ಸಾವು ನೂರಕ್ಕೆ ಸುಮಾರು 30 ಕಡಿಮೆಯಾಗಿತ್ತು. ಹೀಗೆ ವಯಸ್ಸು ವಿಂಗಡಿಸಿ ನೋಡಿದ್ದು ಅಧ್ಯಯನ ಮುಗಿದ ಮೇಲೆ. 50ರ ಒಳಗಿನವರಲ್ಲಿ ಸಾವು ಅಷ್ಟು ಇಳಿದದ್ದು ಕಂಡುಬರಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ. ಆದರೂ 40ರಿಂದಲೇ ಶುರು ಮಾಡಿ ಎನ್ನಲು ಕಾರಣ, ನಮ್ಮಲ್ಲಿ ಕಾಯಿಲೆ ಬರುವ ವಯಸ್ಸೇ ಮುಂಚೆ. ಸಣ್ಣ ಗಂಟಿಗೆ ಸಣ್ಣ ಆಪರೇಷನ್ ಸಾಕಾಗುತ್ತದೆ, ಸ್ತನ ಉಳಿಯುವ ಸಾಧ್ಯತೆ ಹೆಚ್ಚು, ಮನೆಯ ಸಾಲವೂ ಸಣ್ಣದಾಗುತ್ತದೆ.

ಈಗಿರುವ ನಿಯಮವೇನು? ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 30ರಿಂದ 65ರವರೆಗಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ, ಅದೂ ಊರಿನ ಹತ್ತಿರದ ಕೇಂದ್ರದಲ್ಲೇ. ಐದು ವರ್ಷ ಬಹಳ ದೊಡ್ಡ ಅಂತರ. ಪರೀಕ್ಷೆಯಾದ ಮರುವರ್ಷ ಹುಟ್ಟಿದ ಗಂಟು ಮುಂದಿನ ಸರದಿಯ ಹೊತ್ತಿಗೆ ಕಂಕುಳು ದಾಟಿ ಹೋಗಿರಬಹುದು. 30ರಿಂದ 40ರವರೆಗೆ ಐದು ವರ್ಷವೇ ಇರಲಿ, ಆಮೇಲೆ ಎರಡು ವರ್ಷ ಮಾಡಿ ಎಂಬುದು ನಮ್ಮ ಕೋರಿಕೆ.

ಸಿಬ್ಬಂದಿ ಎಲ್ಲಿದ್ದಾರೆ ಎಂದು ತಾವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಬಯಲುಸೀಮೆಯ ಒಂದು ಉಪಕೇಂದ್ರಕ್ಕೆ ಸುಮಾರು 5,000 ಜನಸಂಖ್ಯೆ. ಅದರಲ್ಲಿ 40ರಿಂದ 65ರೊಳಗಿನ ಮಹಿಳೆಯರು ಸ್ಥೂಲವಾಗಿ 600ರಿಂದ 650. ಎರಡು ವರ್ಷದಲ್ಲಿ ಎಲ್ಲರನ್ನೂ ನೋಡಬೇಕೆಂದರೆ ವಾರಕ್ಕೆ ಆರೇಳು ಮಂದಿ. ಒಬ್ಬೊಬ್ಬರಿಗೆ 12 ನಿಮಿಷ ಹಿಡಿದರೂ ವಾರದಲ್ಲಿ ಒಂದೂವರೆ ಗಂಟೆಯ ಕೆಲಸ. ಬುಧವಾರ ಮಧ್ಯಾಹ್ನ ಎಂದು ಗೊತ್ತು ಮಾಡಿದರೆ ಮುಗಿಯಿತು. ಹುಟ್ಟಿದ ತಿಂಗಳು ಬಹಳ ಮಂದಿಗೆ ಗೊತ್ತಿರುವುದಿಲ್ಲವಾದ್ದರಿಂದ ಮನೆ ನಂಬರಿನ ಪ್ರಕಾರ ಸರದಿ ಹಂಚಬಹುದು. ಈ ವಾರ ಈ ಬೀದಿ, ಮುಂದಿನ ವಾರ ಆ ಬೀದಿ. ಹಿಂದಿನ ಸಂಜೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಹೇಳಿ ಬರಲಿ. ಕೂಲಿಗೆ ಹೋಗುವವರಿಗೆ ಬಿತ್ತನೆ, ಕಟಾವಿನ ದಿನಗಳು ಆಗುವುದಿಲ್ಲ. ಆ ವಾರಗಳನ್ನು ಬಿಟ್ಟು ಪಟ್ಟಿ ಮಾಡುವ ಅಧಿಕಾರ ಉಪಕೇಂದ್ರಕ್ಕೇ ಇರಲಿ.

ಪರೀಕ್ಷೆ ಎಂದರೇನು ಎಂಬ ಮಾತಿಗೆ ಬರುತ್ತೇವೆ. ಇಲ್ಲಿ ತಪ್ಪು ನಡೆದರೆ ಉಳಿದದ್ದೆಲ್ಲ ವ್ಯರ್ಥ.

ಆಶಾ ಕಾರ್ಯಕರ್ತೆ ಮನೆಯಲ್ಲಿ ತುಂಬುವ ಸಿಬ್ಯಾಕ್ ಎಂಬ ಆರೋಗ್ಯ ಪ್ರಶ್ನಾವಳಿಯ ನಮೂನೆಯಲ್ಲಿ ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಮಿಶ್ರಿತ ನೀರು ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಇವು ಯಾರನ್ನು ಮೊದಲು ಕರೆಯಬೇಕೆಂದು ತಿಳಿಯಲು ಇರುವ ಪ್ರಶ್ನೆಗಳು. ಬಾಗಿಲಲ್ಲಿ ನಿಂತು, ಅತ್ತೆ, ಮೈದುನ ಎಲ್ಲ ಕೇಳಿಸಿಕೊಳ್ಳುತ್ತಿರುವಾಗ "ಎದೇಲಿ ಗಂಟು ಗಿಂಟು ಇದೆಯೇನಮ್ಮ?" ಎಂದರೆ ಯಾವ ಹೆಣ್ಣುಮಗಳು ಹೌದು ಎಂದಾಳು? ಆಕೆಗೇ ಗೊತ್ತಿಲ್ಲದ ಗಂಟನ್ನು ಹುಡುಕುವುದೇ ತಪಾಸಣೆಯ ಉದ್ದೇಶ. ಆದರೆ "ಇಲ್ಲ" ಎಂಬ ಉತ್ತರವನ್ನೇ ಪರೀಕ್ಷೆಯಾಯಿತು ಎಂದು ಪೋರ್ಟಲ್‌ನಲ್ಲಿ ನಮೂದಿಸಿದರೆ, ಕಾಗದದ ಮೇಲೆ ಆಕೆ ಆರೋಗ್ಯವಂತೆಯಾಗಿಬಿಡುತ್ತಾಳೆ. ಐದು ವರ್ಷ ಯಾರೂ ಆಕೆಯನ್ನು ಕರೆಯುವುದಿಲ್ಲ. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಗೆ ಬಹಳ ಒಳ್ಳೆಯದು. ತೋಳಿಗೆ ಪಟ್ಟಿ ಕಟ್ಟುವುದು, ಬೆರಳಿಗೆ ಸೂಜಿ ಚುಚ್ಚುವುದು ಜಗಲಿಯ ಮೇಲೂ ಆಗುತ್ತದೆ. ಎದೆ ಪರೀಕ್ಷೆ ಜಗಲಿಯ ಮೇಲೆ ಆಗುವುದಿಲ್ಲ. ಮನೆಭೇಟಿಯಲ್ಲಿ ಸರದಿಯ ಚೀಟಿ ಕೊಡಿ, ಪರೀಕ್ಷೆ ಕೇಂದ್ರದಲ್ಲಿ ನಡೆಯಲಿ.

ಸರಿಯಾದ ಪರೀಕ್ಷೆಗೆ ಬೇಕಾದ್ದು ಚಿಲಕ ಹಾಕುವ ಒಂದು ಕೋಣೆ, ಒಂದು ಪರದೆ, ಮಲಗಲು ಮಂಚ, ಒಂದು ಟವೆಲ್, ಬೆಳಕು, ಮತ್ತು ಉಗುರು ಕತ್ತರಿಸಿದ, ಬೆಚ್ಚಗಿನ ಕೈ. ಮಹಿಳಾ ಸಿಬ್ಬಂದಿಯೇ ಮಾಡಬೇಕು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಗಂಡಸಾಗಿರುವ ಕಡೆ ಆ ದಿನ ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿ, ಅಂದರೆ ಜನ ಇಂದಿಗೂ ಎಎನ್‌ಎಂ ಸಿಸ್ಟರ್ ಎಂದು ಕರೆಯುವವರು, ಕಡ್ಡಾಯವಾಗಿ ಕೇಂದ್ರದಲ್ಲಿರಬೇಕು.

ಮೊದಲು ಕೂರಿಸಿ ನೋಡಬೇಕು. ಸೊಂಟದ ಮೇಲಿನ ಬಟ್ಟೆ ತೆಗೆದಿರಬೇಕು. ರವಿಕೆಯ ಒಳಗೆ ಕೈ ಹಾಕಿ ನೋಡುವುದು ಪರೀಕ್ಷೆಯಲ್ಲ. ಕೈ ಇಳಿಬಿಟ್ಟಾಗ, ಸೊಂಟಕ್ಕೆ ಕೈ ಕೊಟ್ಟು ಒತ್ತಿದಾಗ, ಎರಡೂ ಕೈ ತಲೆಯ ಮೇಲೆತ್ತಿದಾಗ, ಹೀಗೆ ಮೂರು ಭಂಗಿಯಲ್ಲಿ ಕಣ್ಣಿಂದ ನೋಡಬೇಕು. ಚರ್ಮ ಒಂದು ಕಡೆ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗುವುದು, ಇತ್ತೀಚೆಗೆ ತೊಟ್ಟು ಒಳಗೆ ಸೇರಿಕೊಂಡಿರುವುದು, ಮದ್ದಿಗೆ ಬಗ್ಗದ ತೊಟ್ಟಿನ ಗಜ್ಜಿ, ಇವೆಲ್ಲ ಕೈ ಎತ್ತಿದಾಗಲೇ ಎಷ್ಟೋ ಸಲ ಕಣ್ಣಿಗೆ ಬೀಳುವುದು. ಕೂತಿರುವಾಗಲೇ ಆಕೆಯ ತೋಳನ್ನು ತಮ್ಮ ತೋಳಿನ ಮೇಲೆ ಸಡಿಲವಾಗಿ ಇರಿಸಿಕೊಂಡು ಕಂಕುಳು, ಆಮೇಲೆ ಕೊರಳೆಲುಬಿನ ಮೇಲಿನ ಗುಳಿ ಮುಟ್ಟಿ ನೋಡಬೇಕು. ತೋಳು ಬಿಗಿಯಾಗಿದ್ದರೆ ಕಂಕುಳ ಗಂಟು ಸಿಗುವುದಿಲ್ಲ.

ಆಮೇಲೆ ಮಲಗಿಸಬೇಕು. ನೋಡುವ ಬದಿಯ ಭುಜದ ಕೆಳಗೆ ಮಡಿಸಿದ ಟವೆಲ್, ಆ ಕಡೆಯ ಕೈ ತಲೆಯ ಕೆಳಗೆ. ಹೀಗೆ ಮಾಡಿದರೆ ಸ್ತನ ಪಕ್ಕೆಲುಬಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ತೋರು, ನಡು, ಉಂಗುರ ಬೆರಳುಗಳ ತುದಿಯಲ್ಲ, ಮೆತ್ತನೆಯ ಭಾಗ ಬಳಸಬೇಕು. ಒಂದು ರೂಪಾಯಿ ನಾಣ್ಯದಷ್ಟು ಸಣ್ಣ ಸುತ್ತು. ಪ್ರತಿ ಜಾಗದಲ್ಲೂ ಮೂರು ಸಲ: ಚರ್ಮದ ಅಡಿಗೆ ಮುಟ್ಟುವಷ್ಟು ಹಗುರ, ನಡುವಿನವರೆಗೆ, ಪಕ್ಕೆಲುಬು ತಾಗುವಷ್ಟು ಗಟ್ಟಿ. ಕೈ ಎತ್ತದೆ ಮುಂದಿನ ಜಾಗಕ್ಕೆ ಜಾರಬೇಕು. ಹೊಲ ಉಳುವ ಹಾಗೆ ಸಾಲಿಗೆ ಸಾಲು ತಗಲಿಸಿ, ಕಂಕುಳಿನಿಂದ ಎದೆಯ ನಡುಮೂಳೆಯವರೆಗೆ, ಕೊರಳೆಲುಬಿನಿಂದ ಸ್ತನದ ಕೆಳಮಡಿಕೆಯ ತನಕ. ಒಂದೊಂದು ಕಡೆಗೂ ಮೂರು ನಿಮಿಷ. ತಪ್ಪಿಹೋಗುವ ಜಾಗಗಳು ಗೊತ್ತಿರುವಂಥವೇ: ಕಂಕುಳ ಕಡೆಯ ಮೇಲಿನ ಮೂಲೆ, ತೊಟ್ಟಿನ ಕೆಳಗೆ, ಕೆಳಮಡಿಕೆ. ಸ್ತನದ ಗ್ರಂಥಿ ಹೆಚ್ಚಾಗಿ ಇರುವುದು ಆ ಮೇಲಿನ ಹೊರಮೂಲೆಯಲ್ಲೇ, ಕ್ಯಾನ್ಸರ್‌ಗಳೂ ಹೆಚ್ಚಾಗಿ ಅಲ್ಲೇ ಬರುವುದು.

ಗಂಟು ಸಿಕ್ಕರೆ "ಬಲಗಡೆ ಗಂಟು" ಎಂದು ಬರೆದರೆ ಸಾಲದು. ಸ್ತನವನ್ನು ಗಡಿಯಾರವೆಂದುಕೊಂಡು ಎಷ್ಟು ಗಂಟೆಯ ದಿಕ್ಕಿನಲ್ಲಿ, ತೊಟ್ಟಿನಿಂದ ಎಷ್ಟು ಸೆಂಟಿಮೀಟರ್ ದೂರ, ಎಷ್ಟು ದೊಡ್ಡದು, ಗಟ್ಟಿಯೋ ಮೃದುವೋ, ಜಾರುತ್ತದೆಯೋ ಅಂಟಿಕೊಂಡಿದೆಯೋ ಎಂದು ಬರೆಯಬೇಕು. ಜಿಲ್ಲಾಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಅದೇ ಗಂಟನ್ನು ಹುಡುಕಲು ಬೇಕಾಗುವುದು ಈ ಎರಡು ಸಾಲು. ಸಿಲಿಕೋನ್ ಮಾದರಿಗಳ ಮೇಲೆ ಕೈ ಪಳಗಿಸುವ ತರಬೇತಿ, ಆರು ತಿಂಗಳಿಗೊಮ್ಮೆ ಮತ್ತೆ ಅದೇ ಮಾದರಿಯ ಮೇಲೆ ಪರೀಕ್ಷೆ, ಇದನ್ನು ಕಡ್ಡಾಯ ಮಾಡಿ. ಪವರ್‌ಪಾಯಿಂಟ್ ನೋಡಿ ಕೈ ಕಲಿಯುವುದಿಲ್ಲ.

ಹೆಣ್ಣುಮಕ್ಕಳಿಗೇ ಸ್ವಯಂ ಪರೀಕ್ಷೆ ಕಲಿಸಿಬಿಟ್ಟರೆ ಸಾಕಲ್ಲ ಎನ್ನುವವರಿದ್ದಾರೆ. ಚೀನಾದ ಶಾಂಘೈನಲ್ಲಿ ಜವಳಿ ಕಾರ್ಖಾನೆಗಳ ಸುಮಾರು 2.66 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಬಹಳ ಶ್ರದ್ಧೆಯಿಂದ ಅದನ್ನೇ ಕಲಿಸಿದರು. ಸಾವು ಕಡಿಮೆಯಾಗಲಿಲ್ಲ. ತನ್ನ ಎದೆ ಹೇಗಿದೆ ಎಂಬ ಪರಿಚಯ ಪ್ರತಿಯೊಬ್ಬರಿಗೂ ಇರಬೇಕು, ಬದಲಾವಣೆ ಕಂಡರೆ ಬೇಗ ಬರಲು ಅದು ನೆರವಾಗುತ್ತದೆ. ಇಲಾಖೆಯ ಹೊಣೆಯನ್ನು ಮಾತ್ರ ಅವರ ಬೆರಳಿಗೆ ದಾಟಿಸಲಾಗದು.

ಇನ್ನು ಗಂಟು ಸಿಕ್ಕ ಮೇಲಿನ ದಾರಿ. ನಮ್ಮ ಅನುಭವದಲ್ಲಿ ಹೆಚ್ಚು ಜೀವ ಜಾರಿಹೋಗುವುದು ಇಲ್ಲೇ.

ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿ ಸರ್ಜನ್ ಇಲ್ಲದ ದಿನ, ಮತ್ತೆ ಜಿಲ್ಲಾಸ್ಪತ್ರೆಗೆ, ಸ್ಕ್ಯಾನಿಂಗ್‌ಗೆ ಮೂರು ವಾರ ಬಿಟ್ಟು ದಿನಾಂಕ. ಗಂಟು ನೋಯುವುದಿಲ್ಲ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ, ಮೋಸವಿರುವುದೇ ಅಲ್ಲಿ. ಎರಡು ಸಲ ಕೂಲಿ ಕಳೆದುಕೊಂಡು ಅಲೆದವರು ಮೂರನೇ ಸಲ ಬರುವುದಿಲ್ಲ. ಅದಕ್ಕೇ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ "ಗಂಟಿನ ಕ್ಲಿನಿಕ್" ನಡೆಸಿ. ಬೆಳಿಗ್ಗೆ ಸರ್ಜನ್ ನೋಡಲಿ, ಮಧ್ಯಾಹ್ನದೊಳಗೆ ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ಆಗಲಿ, ಬೇಕಾದವರಿಗೆ ಅದೇ ದಿನ ಸೂಜಿ ಬಯಾಪ್ಸಿ ಆಗಲಿ, ಸಂಜೆಯ ಬಸ್ಸಿಗೆ ಮನೆಗೆ ಹೋಗಲಿ. ಶಕ್ತಿ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆ ಇಲ್ಲ. ದಿನ ಉಳಿಸಿಕೊಡುವುದು ತಮ್ಮ ಕೈಯಲ್ಲಿದೆ.

ಮೂರೂ ಒಂದಕ್ಕೊಂದು ತಾಳೆಯಾಗಬೇಕು: ಕೈಗೆ ಸಿಕ್ಕಿದ್ದು, ಚಿತ್ರದಲ್ಲಿ ಕಂಡಿದ್ದು, ಸೂಜಿಯಲ್ಲಿ ಬಂದಿದ್ದು. ಕೈಗೆ ಗಟ್ಟಿ ಗಂಟು ಸಿಗುತ್ತಿದ್ದು ಸ್ಕ್ಯಾನಿಂಗ್ ರಿಪೋರ್ಟ್ "ನಾರ್ಮಲ್" ಎಂದಿದ್ದರೆ ಗಂಟನ್ನೇ ನಂಬಬೇಕು. ಮ್ಯಾಮೊಗ್ರಾಂಗೂ ಕಾಣದ ಕ್ಯಾನ್ಸರ್‌ಗಳಿವೆ, ಅದರಲ್ಲೂ ಸ್ತನ ದಟ್ಟವಾಗಿರುವ ಚಿಕ್ಕ ವಯಸ್ಸಿನವರಲ್ಲಿ.

ಸೂಜಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಬರುವುದು ಬಿಡಿ ಜೀವಕೋಶ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹಲವು ಸಲ ಹೇಳಬಹುದು, ಆದರೆ ಅದು ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯೇ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಅದರಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಕೋರ್ ಬಯಾಪ್ಸಿ ಬೇಕು: ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ 14 ಗೇಜ್ ಸೂಜಿಯಿಂದ ನಾಲ್ಕೈದು ಎಳೆಯಂಥ ತುಣುಕು ತೆಗೆಯುವುದು. ಅರ್ಧ ಗಂಟೆಯ ಕೆಲಸ, ಹೊಲಿಗೆ ಬೇಡ, ಹತ್ತು ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹಬ್ಬುತ್ತದೆ ಎಂಬ ಭಯ ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ಅದು ನಿಜವಲ್ಲ. ಹಬ್ಬುವುದು ತಡ ಮಾಡಿದ್ದರಿಂದ.

ತೆಗೆದ ತುಣುಕು ಹಾಳಾಗುವುದು ಬಾಟಲಿಯಲ್ಲಿ. ಒಂದು ಗಂಟೆಯೊಳಗೆ ಅದು, ತುಣುಕು ಕೆಡದಂತೆ ಕಾಯುವ 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ದ್ರಾವಣಕ್ಕೆ ಬೀಳಬೇಕು. ತುಣುಕಿನ ಗಾತ್ರದ ಕನಿಷ್ಠ ಹತ್ತು ಪಟ್ಟು ದ್ರಾವಣ ಇರಬೇಕು. ಆರು ಗಂಟೆಗಿಂತ ಕಡಿಮೆ, 72 ಗಂಟೆಗಿಂತ ಹೆಚ್ಚು ಅದರಲ್ಲಿರಬಾರದು. ಸಲೈನ್‌ನಲ್ಲಿ ಹಾಕಿ ಕಳಿಸಿದರೆ ಅಂಗಾಂಶ ಕರಗುತ್ತದೆ. ಶುಕ್ರವಾರ ಸಂಜೆ ತೆಗೆದದ್ದು ಹಬ್ಬದ ರಜೆ ಕಳೆದು ಮಂಗಳವಾರ ಲ್ಯಾಬಿಗೆ ಬಂದರೆ ಹೊತ್ತು ಮೀರಿರುತ್ತದೆ. ಹೀಗೆ ಕೆಟ್ಟ ತುಣುಕಿನಲ್ಲಿ ಹಾರ್ಮೋನ್ ಗ್ರಾಹಕದ ಪರೀಕ್ಷೆ, ಅಂದರೆ ಇಆರ್, ಪಿಆರ್, ನೆಗೆಟಿವ್ ಎಂದು ತಪ್ಪಾಗಿ ಬರಬಹುದು. ಆಗ ಕಡಿಮೆ ಬೆಲೆಯ, ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗಿ ಜೀವ ಉಳಿಸಿಕೊಳ್ಳಬಹುದಾದ ಟ್ಯಾಮೊಕ್ಸಿಫೆನ್ ಮಾತ್ರೆ ಆಕೆಗೆ ಸಿಗದೆ ಹೋಗುತ್ತದೆ. ಮೊದಲೇ ಫಾರ್ಮಲಿನ್ ತುಂಬಿಟ್ಟ ಅಗಲ ಬಾಯಿಯ ಬಾಟಲಿ, ಅದರ ಮೈಮೇಲೆ ಹೆಸರು, ಯಾವ ಬದಿ, ಎಷ್ಟು ಗಂಟೆಗೆ ಹಾಕಿದ್ದು ಎಂದು ಬರೆಯುವ ಚೀಟಿ. ಇಷ್ಟನ್ನು ಪ್ರತಿ ಆಸ್ಪತ್ರೆಗೆ ಒದಗಿಸಲು ದೊಡ್ಡ ಹಣ ಬೇಕಿಲ್ಲ.

ಇನ್ನೊಂದು ಅಪಾಯ, ಗಂಟು ಏನೆಂದು ತಿಳಿಯುವ ಮೊದಲೇ ಕೊಯ್ದು ತೆಗೆಯುವುದು. ತೆಗೆದದ್ದನ್ನು ಲ್ಯಾಬಿಗೆ ಕಳಿಸದೆ ಎಸೆಯುವುದೂ ಉಂಟು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು ಎದ್ದಾಗ ಮೊದಲಿನದು ಎಷ್ಟು ದೊಡ್ಡದಿತ್ತು, ಅಂಚಿನಲ್ಲಿ ಕಾಯಿಲೆ ಉಳಿದಿತ್ತೇ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸ್ತನ ಉಳಿಸುವ ಆಪರೇಷನ್ನಿನ ಅವಕಾಶ ಕೈತಪ್ಪಬಹುದು. ಸೂಜಿ ಪರೀಕ್ಷೆಯಿಲ್ಲದೆ ಸ್ತನದ ಗಂಟು ಕೊಯ್ಯಬಾರದು, ಕೊಯ್ದದ್ದೆಲ್ಲ ಲ್ಯಾಬಿಗೆ ಹೋಗಲೇಬೇಕು ಎಂದು ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳಿಗೂ ಇಲಾಖೆ ಸುತ್ತೋಲೆ ಹೊರಡಿಸಬೇಕು.

ಮ್ಯಾಮೊಗ್ರಾಂ ಬಗ್ಗೆ. 2024ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿ ಎಂದಿದೆ. ಅಷ್ಟು ಯಂತ್ರ, ಅದಕ್ಕಿಂತ ಮುಖ್ಯವಾಗಿ ಚಿತ್ರ ಓದಬಲ್ಲ ಅಷ್ಟು ರೇಡಿಯಾಲಜಿಸ್ಟರು ನಮ್ಮಲ್ಲಿಲ್ಲ. ಹಾಗಾಗಿ ಊರಿಗೆಲ್ಲ ಕೈ ಪರೀಕ್ಷೆ, ಗಂಟಿದ್ದವರಿಗೆ ಮತ್ತು ತಾಯಿ, ಅಕ್ಕ-ತಂಗಿಗೆ ಈ ಕಾಯಿಲೆ ಬಂದವರಿಗೆ ಮ್ಯಾಮೊಗ್ರಾಂ ಮೊದಲು. ಅನುಕೂಲವಿರುವ 40 ದಾಟಿದವರು ಖಂಡಿತ ಮಾಡಿಸಿಕೊಳ್ಳಲಿ. ಮೈಯ ಶಾಖದ ಚಿತ್ರ ತೆಗೆಯುವ ಥರ್ಮೋಗ್ರಫಿ ಇದರ ಬದಲಿಗೆ ಆಗುವುದಿಲ್ಲ. ಅದನ್ನೊಂದೇ ನೆಚ್ಚಿಕೊಂಡು ಶಿಬಿರ ಮಾಡಬೇಡಿ.

ಮಾಡಿಸಿಕೊಳ್ಳುವವರು ತಿಳಿದಿರಬೇಕಾದ ಕೆಲವು ಸಂಗತಿ. ಮುಟ್ಟು ನಿಲ್ಲದವರು ಮುಟ್ಟಾದ ಮುಂದಿನ ವಾರ ಹೋದರೆ ಎದೆ ಮೃದುವಾಗಿದ್ದು ನೋವು ಕಡಿಮೆ. ಅಂದು ಪೌಡರ್, ಡಿಯೋಡರೆಂಟ್, ಕ್ರೀಮ್ ಹಚ್ಚಬಾರದು. ಅವುಗಳ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳ ಹಾಗೆ ಕಂಡು ಗಾಬರಿ ಹುಟ್ಟಿಸುತ್ತವೆ. ಕೊರಳ ಸರ, ತಾಳಿ ತೆಗೆಯಬೇಕಾಗುತ್ತದೆ, ಒಪ್ಪದವರಿಗೆ ಬೆನ್ನಿನ ಕಡೆ ಸರಿಸಿ ಅಂಟುಪಟ್ಟಿ ಹಾಕಬಹುದು. ಇದನ್ನು ಹಿಂದಿನ ದಿನವೇ ಹೇಳಿದ್ದರೆ ಕೋಣೆಯೊಳಗೆ ಮುಜುಗರವಾಗುವುದಿಲ್ಲ. ಒಂದೊಂದು ಸ್ತನಕ್ಕೆ ಎರಡು ಚಿತ್ರ, ಮೇಲಿನಿಂದ ಒಂದು, ಓರೆಯಾಗಿ ಒಂದು. ಪ್ರತಿ ಸಲ ಕೆಲವು ಸೆಕೆಂಡು ಒತ್ತಿ ಹಿಡಿಯುತ್ತದೆ. ಒತ್ತದಿದ್ದರೆ ಗ್ರಂಥಿಗಳು ಒಂದರ ಮೇಲೊಂದು ಬಿದ್ದು ಗಂಟು ಮರೆಯಾಗುತ್ತದೆ. ವಿಕಿರಣ ಬಹಳ ಕಡಿಮೆ, ಪ್ರಕೃತಿಯಿಂದಲೇ ಕೆಲವು ವಾರಗಳಲ್ಲಿ ನಮ್ಮ ಮೈಗೆ ಬರುವಷ್ಟು. ಹಳೆಯ ಫಿಲ್ಮ್, ಸಿಡಿ ಇದ್ದರೆ ಒಯ್ಯಲೇಬೇಕು. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎಂಬುದೇ ಓದುವವರಿಗೆ ದೊಡ್ಡ ಸುಳಿವು.

ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ ಎಂದು ಒಂದು ಸಂಖ್ಯೆ ಇರುತ್ತದೆ. ಸೊನ್ನೆ ಎಂದರೆ ಏನೂ ಇಲ್ಲ ಎಂದು ತಿಳಿದು ಮನೆಗೆ ಹೋದವರುಂಟು. ಸೊನ್ನೆ ಎಂದರೆ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು ಎಂದರ್ಥ. 1 ಮತ್ತು 2 ನಿಶ್ಚಿಂತೆ. 3 ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, ಆದರೆ ಆರು ತಿಂಗಳಿಗೆ ತಪ್ಪದೆ ಮತ್ತೆ ತೋರಿಸಬೇಕು. 4 ಮತ್ತು 5ಕ್ಕೆ ಸೂಜಿ ಪರೀಕ್ಷೆ ಆಗಲೇಬೇಕು. ಈ ಅರ್ಥವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ರಿಪೋರ್ಟಿಗೆ ಲಗತ್ತಿಸಿ ಕೊಡಿಸಿ.

ಚಿಕಿತ್ಸೆಯ ಖರ್ಚಿಗೆ ದಾರಿಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. 2025ರಲ್ಲಿ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಶುರುವಾಗಿ ಬೆಂಗಳೂರಿನ ಕಿದ್ವಾಯಿಗೆ ಅಲೆಯುವುದು ಎಷ್ಟೋ ಮಂದಿಗೆ ತಪ್ಪಿದೆ. ಇದಕ್ಕಾಗಿ ತಮಗೆ ನಮ್ಮ ಕೃತಜ್ಞತೆ. ಆದರೆ ಕೀಮೋ ಕುರ್ಚಿಗಳು ಬೇಗ ತುಂಬಿದರೆ ಸಾಲದು, ಅಲ್ಲಿಗೆ ಬರುವವರು ಸಣ್ಣ ಗಂಟಿನಲ್ಲೇ ಬರಬೇಕು.

ತಾಯಂದಿರೇ, ಅಕ್ಕ-ತಂಗಿಯರೇ, ಈ ಪತ್ರ ನಿಮ್ಮ ಕಣ್ಣಿಗೂ ಬಿದ್ದರೆ ಎರಡು ಮಾತು. ಮುಟ್ಟು ಬಂದುಹೋದ ಮೇಲೂ ಕರಗದ ಗಂಟು, ಒಂದೇ ತೊಟ್ಟಿನಿಂದ ತಾನಾಗಿ ಒಸರುವ ರಕ್ತ ಬಣ್ಣದ ನೀರು, ಹೊಸದಾಗಿ ಒಳಸೇರಿದ ತೊಟ್ಟು, ಗುಳಿ ಬಿದ್ದ ಚರ್ಮ, ಕಂಕುಳಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ಸರದಿಗೆ ಕಾಯಬೇಡಿ, ಆ ವಾರವೇ ಹೋಗಿ. ಬರೀ ನೋವೊಂದೇ ಇದ್ದರೆ ಅದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಆದರೂ ತೋರಿಸಿ. ತಾಯಿಗೋ ಅಕ್ಕ-ತಂಗಿಗೋ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ನಿಮ್ಮ ತಪಾಸಣೆ ಶುರುವಾಗುವುದು ಒಳ್ಳೆಯದು, ಇದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. 65 ದಾಟಿದವರನ್ನು ಕಾರ್ಯಕ್ರಮ ಕರೆಯದಿರಬಹುದು. ಕಾಯಿಲೆಗೆ ಆ ಮಿತಿ ಇಲ್ಲ, ನೀವೇ ಹೋಗಿ ಕೇಳಿ. ಸೊಪ್ಪು ಅರೆದು ಕಟ್ಟುತ್ತೇವೆ ಎನ್ನುವವರ ಬಳಿ ಕಳೆದ ಮೂರು ತಿಂಗಳನ್ನು ಯಾವ ಆಸ್ಪತ್ರೆಯೂ ಹಿಂದಿರುಗಿಸಲಾರದು.

ಕೊನೆಯದಾಗಿ ಇಲಾಖೆಯ ಲೆಕ್ಕದ ಪುಸ್ತಕದ ಬಗ್ಗೆ. ಈಗ ಮುಖ್ಯವಾಗಿ ಎಣಿಕೆಯಾಗುವುದು ಎಷ್ಟು ಮಂದಿಗೆ ತಪಾಸಣೆಯಾಯಿತು ಎಂಬ ಸಂಖ್ಯೆ. ಗುರಿ ಮುಟ್ಟುವ ಒತ್ತಡದಲ್ಲಿ ಆ ಸಂಖ್ಯೆ ಬೆಳೆಯುವುದು ಬಲು ಸುಲಭ. ಅದರ ಜೊತೆ ಇನ್ನು ನಾಲ್ಕನ್ನು ತಾಲ್ಲೂಕುವಾರು ಎಣಿಸಿ: ಎದೆ ಪರೀಕ್ಷೆಯಾದ ನೂರು ಮಂದಿಯಲ್ಲಿ ಎಷ್ಟು ಜನರನ್ನು ಮುಂದೆ ಕಳಿಸಲಾಯಿತು, ಅವರಲ್ಲಿ ಎಷ್ಟು ಮಂದಿ ಜಿಲ್ಲಾಸ್ಪತ್ರೆ ತಲುಪಿದರು, ಗಂಟು ಸಿಕ್ಕ ದಿನದಿಂದ ಬಯಾಪ್ಸಿ ರಿಪೋರ್ಟಿಗೆ ಎಷ್ಟು ದಿನ ಹಿಡಿಯಿತು, ಸಿಕ್ಕ ಕ್ಯಾನ್ಸರ್‌ಗಳಲ್ಲಿ ಮೊದಲೆರಡು ಹಂತದವು ಎಷ್ಟು. ಸಾವಿರ ಮಂದಿಯನ್ನು ನೋಡಿದೆವೆಂದು ಬರೆದು ಒಬ್ಬರನ್ನೂ ಮುಂದೆ ಕಳಿಸದ ಕೇಂದ್ರದಲ್ಲಿ ಕೈ ಪರೀಕ್ಷೆ ನಡೆದಿಲ್ಲ ಎಂದೇ ತಿಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥದ್ದೇ ಅಳತೆ ಇಟ್ಟಿದೆ: ನೂರರಲ್ಲಿ ಕನಿಷ್ಠ 60 ಕ್ಯಾನ್ಸರ್‌ಗಳು ಮೊದಲೆರಡು ಹಂತದಲ್ಲಿ ಸಿಗಬೇಕು, 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕು, ನೂರಕ್ಕೆ 80 ಮಂದಿ ಚಿಕಿತ್ಸೆ ಪೂರ್ತಿ ಮಾಡಬೇಕು.

ಮುಂದಿನ ಅಕ್ಟೋಬರ್‌ನಲ್ಲಿ ಜಾಥಾದ ದಿನ ಪ್ರತಿ ತಾಲ್ಲೂಕಿನ ಈ ನಾಲ್ಕು ಸಂಖ್ಯೆಗಳನ್ನು ತಾವು ಪ್ರಕಟಿಸಬೇಕೆಂದು ಕೋರುತ್ತೇವೆ. ತರಬೇತಿ ಕೊಡಲು, ಕೈಪಿಡಿ ಬರೆಯಲು, ಗಂಟಿನ ಕ್ಲಿನಿಕ್‌ನಲ್ಲಿ ನಿಂತು ಕೆಲಸ ಮಾಡಲು ನಾವು ಸಿದ್ಧರಿದ್ದೇವೆ. ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸ್ತನ ಕ್ಯಾನ್ಸರ್ ಪತ್ತೆ ಮತ್ತು ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು, ಶುಶ್ರೂಷಕಿಯರು ಹಾಗೂ ಪ್ರಯೋಗಾಲಯ ತಂತ್ರಜ್ಞರು